ಬಡಾವಣೆಯ ಪಾರ್ಕಿನಲ್ಲಿ ವರ್ಷವಿಡೀ ತೆರೆದಿರುವ ಬೋನ್ಸಾಯ್ ಅಂಗಳ

ಕುಂಡದಲ್ಲಿ ಗಿಡ್ಡವಾಗಿ ಬೆಳೆಸುವ ಬೋನ್ಸಾಯ್ ಮರಗಳೆಂದರೆ ಮೈಸೂರಿನವರಿಗೆ ಸಾಮಾನ್ಯವಾಗಿ ನೆನಪಾಗುವುದು ಎರಡು ಜಾಗಗಳು. ಒಂದು, ದಸರೆಯ ದಿನಗಳಲ್ಲಿ ಕುಪ್ಪಣ್ಣ ಪಾರ್ಕಿನಲ್ಲಿ ಏರ್ಪಡುವ ಫಲಪುಷ್ಪ ಪ್ರದರ್ಶನ. ಇನ್ನೊಂದು, ಗಣಪತಿ ಸಚ್ಚಿದಾನಂದ ಆಶ್ರಮದ ಆವರಣದಲ್ಲಿರುವ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ. ಮೊದಲನೆಯದು ಹಬ್ಬದೊಂದಿಗೆ ಮುಗಿಯುತ್ತದೆ. ಎರಡನೆಯದು ಶಾಶ್ವತವಾದದ್ದು, ನೋಡಲೇಬೇಕಾದದ್ದು. ಆದರೆ ಅದರ ಹಿಂದೆ ಒಂದು ದೊಡ್ಡ ಸಂಸ್ಥೆಯ ಸಂಕಲ್ಪವೂ ಸಿಬ್ಬಂದಿಯೂ ಇವೆ. ನಾನು ಇಲ್ಲಿ ಬರೆಯುತ್ತಿರುವುದು ಇವೆರಡಕ್ಕಿಂತ ಬೇರೆಯಾದ, ತೀರ ಚಿಕ್ಕದಾದ ಒಂದು ಪ್ರಯತ್ನದ ಬಗ್ಗೆ. ನಗರದ ದಕ್ಷಿಣ ಭಾಗದ ಒಂದು ಬಡಾವಣೆಯ ನಿವಾಸಿಗಳು ತಮ್ಮಲ್ಲೇ ಹಣ ಕೂಡಿಸಿ, ತಮ್ಮ ತಾರಸಿಗಳಿಂದ ಮರಗಳನ್ನು ಇಳಿಸಿ ತಂದು, ಪಾರ್ಕಿನ ಒಂದು ಮೂಲೆಯಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದಾದ ಬೋನ್ಸಾಯ್ ಅಂಗಳವನ್ನು ಕಟ್ಟಿದ್ದಾರೆ. ಮರಗಳ ಗುಣಮಟ್ಟ ಚೆನ್ನಾಗಿದೆ, ಜೋಡಿಸಿರುವ ರೀತಿ ಇನ್ನೂ ಚೆನ್ನಾಗಿದೆ, ನಿರ್ವಹಣೆಯ ವ್ಯವಸ್ಥೆ ಮಾತ್ರ ಇನ್ನೂ ಗಟ್ಟಿಯಾಗಬೇಕಾಗಿದೆ ಎಂಬುದು ನನ್ನ ಅಭಿಪ್ರಾಯ.

ಜಾಗದ ಆಯ್ಕೆಯಲ್ಲೇ ತಿಳಿದವರ ಕೈವಾಡ ಕಾಣುತ್ತದೆ. ಪಶ್ಚಿಮಕ್ಕೆ ಹೊಂಗೆ ಮರಗಳ ಸಾಲಿರುವುದರಿಂದ ಬೆಳಗಿನ ಎಳೆಬಿಸಿಲು ಪೂರ್ತಿಯಾಗಿ ಸಿಗುತ್ತದೆ, ಮಧ್ಯಾಹ್ನದ ನಂತರದ ಕಡುಬಿಸಿಲು ತಡೆಯಲ್ಪಡುತ್ತದೆ. ಇಟ್ಟಿಗೆ ಕಂಬಗಳ ಮೇಲೆ ಕಲ್ಲು ಚಪ್ಪಡಿಗಳನ್ನು ಕೂರಿಸಿ, ನಿಂತು ನೋಡುವವರ ಕಣ್ಣಿನ ಮಟ್ಟಕ್ಕೆ ಮರದ ಕಾಂಡ ಬರುವಂತೆ ಎತ್ತರವನ್ನು ಹೊಂದಿಸಿದ್ದಾರೆ. ಇದು ಸಣ್ಣ ಸಂಗತಿಯಲ್ಲ. ನೆಲದ ಮೇಲಿಟ್ಟು ಮೇಲಿನಿಂದ ನೋಡಿದರೆ ಎಂಥ ಒಳ್ಳೆಯ ಬೋನ್ಸಾಯ್ ಆದರೂ ಕತ್ತರಿಸಿದ ಪೊದೆಯಂತೆ ಕಾಣುತ್ತದೆ. ಬುಡದಿಂದ ಬೇರು ಹರಡಿರುವ ಬಗೆ, ಕಾಂಡ ಮೇಲೇರುತ್ತ ಸಪೂರವಾಗುವ ಬಗೆ, ರೆಂಬೆಗಳ ನಡುವಿನ ಖಾಲಿ ಜಾಗ, ಇವೆಲ್ಲ ತಿಳಿಯುವುದು ಎದುರಿನಿಂದ ನೋಡಿದಾಗ ಮಾತ್ರ. ಹಿಂದಿನ ಗೋಡೆಗೆ ಚಿತ್ರವನ್ನೇನೂ ಬರೆಸದೆ ಸಾದಾ ತಿಳಿಬಣ್ಣ ಹೊಡೆಸಿರುವುದರಿಂದ ಪ್ರತಿ ಮರದ ಆಕಾರವೂ ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಮಕ್ಕಳಿಗೆಂದು ಎರಡು ಚಪ್ಪಡಿಗಳನ್ನು ತಗ್ಗಿನಲ್ಲಿ ಹಾಕಿರುವುದನ್ನೂ ಮೆಚ್ಚಬೇಕು.

ಮರಗಳಲ್ಲಿ ಹೆಚ್ಚಿನವು ನಮ್ಮ ನೆಲದವೇ: ಆಲ, ಅರಳಿ, ಬಸರಿ, ಅತ್ತಿ, ಹುಣಸೆ. ಆಲದ ಜಾತಿಯವು ಆಳವಿಲ್ಲದ ಕುಂಡವನ್ನೂ ಬೇರು ಕತ್ತರಿಸುವುದನ್ನೂ ಚೆನ್ನಾಗಿ ತಾಳಿಕೊಳ್ಳುತ್ತವೆ, ಮೈಸೂರಿನ ಹವೆಯೂ ಅವಕ್ಕೆ ಒಗ್ಗುತ್ತದೆ. ಅರಳಿಯ ವಿಷಯದಲ್ಲಿ ಮಾತ್ರ ನನಗೆ ಪೂರ್ಣ ಸಮಾಧಾನವಿಲ್ಲ. ಅದರ ಎಲೆಯೂ ಉದ್ದನೆಯ ತೊಟ್ಟೂ ಮರದ ಅಳತೆಗೆ ತಕ್ಕಷ್ಟು ಚಿಕ್ಕದಾಗುವುದು ಕಷ್ಟ. ಹಳೆಯ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವಾಗ ಕಾಂಪೌಂಡಿನಿಂದ ಕಿತ್ತು ಬಿಸಾಡಿದ್ದ ಬೋಗನ್‌ವಿಲ್ಲಾ ಬೊಡ್ಡೆಗಳನ್ನು ತಂದು ಉಳಿಸಿ ಬೆಳೆಸಿದ ಸಾಲೊಂದಿದೆ. ಬೇಸಿಗೆಯಲ್ಲಿ ಅವು ಹೂ ಬಿಟ್ಟಾಗ ಜನ ಮೊದಲು ನಿಲ್ಲುವುದು ಅಲ್ಲೇ.

ನಾನು ಹೆಚ್ಚು ಹೊತ್ತು ನಿಲ್ಲುವುದು ಹುಣಸೆಯ ಮುಂದೆ. ನಿವೃತ್ತ ಉಪಾಧ್ಯಾಯರೊಬ್ಬರು ಬೀಜದಿಂದ ಬೆಳೆಸಿ ಕೊಟ್ಟ ಮರವದು. ತೊಗಟೆ ಊರಾಚೆಯ ಸಾಲುಮರದ ತೊಗಟೆಯಷ್ಟೇ ಬಿರುಕುಬಿಟ್ಟಿದೆ. ಎಡಗಡೆಯ ಮೊದಲ ರೆಂಬೆಯ ಮೇಲೆ ಸುರುಳಿಯಾಗಿ ಹಬ್ಬಿದ ಒಂದು ಗುರುತಿದೆ. ರೆಂಬೆಗೆ ಆಕಾರ ಕೊಡಲು ಸುತ್ತಿದ್ದ ತಂತಿಯನ್ನು ಬಿಚ್ಚಲು ತಡವಾಗಿ ಅದು ತೊಗಟೆಯೊಳಗೆ ಇಳಿದಾಗ ಆದ ಗಾಯ ಅದು. ಪ್ರದರ್ಶನಕ್ಕೆಂದು ಸಜ್ಜುಗೊಳಿಸುವ ಮರವಾದರೆ ಆ ಬದಿಯನ್ನು ಹಿಂದಕ್ಕೆ ತಿರುಗಿಸಿ ಇಡುತ್ತಿದ್ದರು. ಇಲ್ಲಿ ಹಾಗೆ ಮಾಡಿಲ್ಲ. ಕಲಿಯಲು ಬರುವವರಿಗೆ ಆ ಒಂದು ಗುರುತು ತಂತಿ ಸುತ್ತುವುದರ ಬಗ್ಗೆ ಎಷ್ಟೋ ವಿಷಯ ತಿಳಿಸುತ್ತದೆ. ನಾಲ್ಕು ದಿನದ ಪ್ರದರ್ಶನದಲ್ಲಿ ಮರದ ಒಳ್ಳೆಯ ದಿನ ಮಾತ್ರ ಕಾಣುತ್ತದೆ. ಎಲೆ ಉದುರಿ ಬೋಳಾಗಿ ನಿಂತದ್ದು, ಮಳೆಗೆ ತಿಳಿಗೆಂಪು ಚಿಗುರೊಡೆದದ್ದು, ಬೇರು ಕತ್ತರಿಸಿಕೊಂಡು ಕುಂಡ ಬದಲಾದ ಮೇಲೆ ಸೊರಗಿ ಮತ್ತೆ ಚೇತರಿಸಿಕೊಂಡದ್ದು, ಇವನ್ನೆಲ್ಲ ನೋಡಬೇಕೆಂದರೆ ಮರ ಅಲ್ಲೇ ಇರಬೇಕು, ನಾವು ಹೋಗಿ ಬರುತ್ತಿರಬೇಕು.

ಈ ಮರಗಳು ಬಂದದ್ದು ಹೇಗೆ ಎಂಬುದು ಈ ಅಂಗಳದ ಬಹು ಮುಖ್ಯ ಭಾಗ. ಮೈಸೂರಿನಲ್ಲಿ ದಶಕಗಳಿಂದ ಮನೆಯಂಗಳದಲ್ಲೋ ತಾರಸಿಯಲ್ಲೋ ಬೋನ್ಸಾಯ್ ಬೆಳೆಸಿದ ಅನೇಕ ಹಿರಿಯರಿದ್ದಾರೆ. ಮಕ್ಕಳು ಹೊರದೇಶದಲ್ಲಿರುತ್ತಾರೆ, ತಾವೇ ಕುಂಡ ಎತ್ತಿಳಿಸುವ ಶಕ್ತಿ ಕುಗ್ಗಿರುತ್ತದೆ, ಕೆಲವರು ಮನೆ ಮಾರಿ ಫ್ಲ್ಯಾಟಿಗೆ ಹೋಗುತ್ತಾರೆ. ಆಗ ಮೂವತ್ತು ನಲವತ್ತು ವರ್ಷದ ಮರಗಳಿಗೆ ವಾರಸುದಾರರಿಲ್ಲದಂತಾಗುತ್ತದೆ. ಮಾರಾಟಕ್ಕಿಟ್ಟರೆ ಕೊಂಡವರು ಬದುಕಿಸಿಕೊಳ್ಳುತ್ತಾರೆಂಬ ಭರವಸೆಯಿಲ್ಲ. ಅಂಥ ಮರಗಳಿಗೆ ಸಾರ್ವಜನಿಕ ಮನೆಯೊಂದು ಸಿಕ್ಕಿರುವುದೇ ಈ ಅಂಗಳದ ದೊಡ್ಡ ಸಾಧನೆ ಎಂದು ನಾನು ತಿಳಿಯುತ್ತೇನೆ. ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿರುವ ಪ್ರಸಿದ್ಧ ಬೋನ್ಸಾಯ್ ಸಂಗ್ರಹವೂ ಹುಟ್ಟಿದ್ದು ಕೊಡುಗೆಯಿಂದಲೇ. 1976 ರಲ್ಲಿ ಅಮೆರಿಕದ ಸ್ವಾತಂತ್ರ್ಯದ ಇನ್ನೂರನೆಯ ವರ್ಷಕ್ಕೆಂದು ಜಪಾನಿನ ಬೋನ್ಸಾಯ್ ಸಂಘ 53 ಮರಗಳನ್ನು ಕೊಟ್ಟಿತು. ಅವುಗಳಲ್ಲಿ ಮಸಾರು ಯಮಾಕಿ ಎಂಬುವರು ಕೊಟ್ಟ ಬಿಳಿ ಪೈನ್ ಮರವು 1625 ರಿಂದ ಕುಂಡದಲ್ಲಿ ಬೆಳೆದದ್ದು, 1945 ರ ಹಿರೋಶಿಮಾ ಬಾಂಬ್ ದಾಳಿಯಲ್ಲೂ ಉಳಿದುಕೊಂಡದ್ದು. ಆ ಸಂಗತಿ ಅಲ್ಲಿಯವರಿಗೆ ತಿಳಿದದ್ದು 2001 ರಲ್ಲಿ, ಕೊಟ್ಟವರ ಮೊಮ್ಮಕ್ಕಳು ಮರವನ್ನು ನೋಡಲು ಬಂದಾಗ. ಮರದೊಂದಿಗೆ ಅದರ ಚರಿತ್ರೆಯನ್ನೂ ಬರೆದಿಟ್ಟುಕೊಳ್ಳುವುದು ಎಷ್ಟು ಅಗತ್ಯ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಇಲ್ಲೇ ನಮ್ಮ ಅಂಗಳದ ಮೊದಲ ಕೊರತೆಯೂ ಇರುವುದು. ಚಪ್ಪಡಿಗಳ ಮೇಲೆ ದಾನಿಗಳ ಹೆಸರಿದೆ, ಮರದ ಹೆಸರೂ ಇದೆ. ಆದರೆ ಮರದ ವಯಸ್ಸು, ಬೀಜದಿಂದ ಬಂದದ್ದೋ ಕಡ್ಡಿಯಿಂದ ಬಂದದ್ದೋ ಮರದ ಮೇಲೆಯೇ ರೆಂಬೆಗೆ ಬೇರು ಬರಿಸುವ ಗೂಟಿಯಿಂದ ಬಂದದ್ದೋ, ಯಾರ ಕೈಯಲ್ಲಿ ಎಷ್ಟು ಕಾಲ ಬೆಳೆಯಿತು, ಕೊನೆಯ ಸಲ ಕುಂಡ ಬದಲಿಸಿದ್ದು ಯಾವಾಗ ಎಂಬ ವಿವರಗಳಿಲ್ಲ. ಕೇಳಿದರೆ ಹೇಳುವವರು ಇಬ್ಬರು ಮೂವರು ಹಿರಿಯರಿದ್ದಾರೆ. ಅವರು ಹೇಳುವುದನ್ನು ಒಂದು ರಿಜಿಸ್ಟರಿನಲ್ಲಿ ಈಗಲೇ ಬರೆದಿಡಬೇಕು. ಕೊಟ್ಟ ಮರವನ್ನು ಮುಂದೆ ಕುಟುಂಬದವರು ವಾಪಸು ಕೇಳಬಹುದೇ, ಸತ್ತರೆ ಯಾರು ಹೊಣೆ, ಆಕಾರ ಬದಲಿಸುವ ಅಧಿಕಾರ ಯಾರಿಗೆ ಎಂಬುದನ್ನೂ ಬರವಣಿಗೆಯಲ್ಲಿ ಇಟ್ಟುಕೊಂಡರೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ.

ಎರಡನೆಯ ಕೊರತೆ ನೀರಿನದು, ಮತ್ತು ಇದೇ ಹೆಚ್ಚು ಗಂಭೀರವಾದದ್ದು. ಎರಡು ಮೂರು ಅಂಗುಲ ಆಳದ ಕುಂಡದಲ್ಲಿರುವ ಮಣ್ಣು ಏಪ್ರಿಲ್ ಬಿಸಿಲಿಗೆ ಒಂದೇ ದಿನದಲ್ಲಿ ಒಣಗುತ್ತದೆ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ನೀರು ಬೇಕು. ಕುಂಡದ ಆಳ, ಮರದ ಜಾತಿ, ಎಲೆಯ ಪ್ರಮಾಣ ಒಂದೊಂದರದೂ ಬೇರೆ ಬೇರೆಯಾದ್ದರಿಂದ ಟೈಮರ್ ಹಾಕಿ ಹನಿ ನೀರು ಬಿಟ್ಟು ನೆಮ್ಮದಿಯಾಗಿರಲು ಆಗುವುದಿಲ್ಲ. ಯಾರಾದರೂ ಬೆರಳಿನಿಂದ ಮಣ್ಣು ಮುಟ್ಟಿ ನೋಡಲೇಬೇಕು. ಇಲ್ಲಿ ವಾರದ ಒಂದೊಂದು ದಿನವನ್ನು ಒಂದೊಂದು ಮನೆಯವರು ವಹಿಸಿಕೊಂಡಿದ್ದಾರೆ. ವ್ಯವಸ್ಥೆ ಒಳ್ಳೆಯದೇ, ಆದರೆ ಬೇಸಿಗೆ ರಜೆಯಲ್ಲಿ ಎಲ್ಲರೂ ಊರಿಗೆ ಹೊರಟಾಗ ಅದು ಸಡಿಲಗೊಳ್ಳುತ್ತದೆ. ಏಪ್ರಿಲ್ ಕೊನೆಯಲ್ಲಿ ನಾನು ನೋಡಿದಾಗ ಅತ್ತಿಯ ಒಂದು ಮರದ ಎಲೆಗಳೆಲ್ಲ ಜೋತುಬಿದ್ದಿದ್ದವು, ಕುಂಡದ ಅಂಚಿನಲ್ಲಿ ಮಣ್ಣು ಬಿಟ್ಟುಕೊಂಡಿತ್ತು. ಅಲ್ಲದೆ ಬಳಸುತ್ತಿರುವುದು ಬೋರ್‌ವೆಲ್ಲಿನ ಗಡಸು ನೀರು. ಅದರ ಬಿಳಿ ಲವಣ ಕಾಂಡದ ಬುಡಕ್ಕೂ ಕುಂಡದ ಅಂಚಿಗೂ ಪದರವಾಗಿ ಕಟ್ಟಿಕೊಂಡಿದೆ. ಮಳೆನೀರು ಹಿಡಿದಿಡಲು ಒಂದು ತೊಟ್ಟಿ, ಮತ್ತು ಸಂಬಳ ಕೊಟ್ಟು ನೇಮಿಸಿಕೊಂಡ, ತರಬೇತಿಯಿರುವ ಒಬ್ಬ ಮಾಲಿ, ಈ ಎರಡಕ್ಕೆ ಹಣ ಹೊಂದಿಸುವುದು ಹೊಸ ಮರ ತರುವುದಕ್ಕಿಂತ ಮುಂಚಿನ ಕೆಲಸವಾಗಬೇಕು.

ಚಳಿನಾಡಿನ ಜ್ಯೂನಿಪರ್ ಮರಗಳನ್ನು ಮಾತ್ರ ತರಬಾರದಿತ್ತು. ಚಳಿಗಾಲದ ವಿಶ್ರಾಂತಿ ಸಿಗದ ನಮ್ಮ ಹವೆಯಲ್ಲಿ ಅವು ಬಾಳುವುದು ಕಷ್ಟ. ಒಂದರ ತುದಿಗಳು ಈಗಾಗಲೇ ಕಂದಿವೆ.

ಹಣದ ವಿಷಯಕ್ಕೆ ಒಂದು ಸಲಹೆ. ಮೈಸೂರಿನ ಜನಕ್ಕೆ ದತ್ತು ಪಡೆಯುವುದು ಹೊಸದೇನಲ್ಲ. ನಮ್ಮ ಮೃಗಾಲಯದಲ್ಲಿ ಪ್ರಾಣಿಗಳನ್ನು ದತ್ತು ಪಡೆದು ಅವುಗಳ ಆಹಾರದ ವೆಚ್ಚ ಭರಿಸುವ ಯೋಜನೆಯಿದೆ. ಹುಟ್ಟುಹಬ್ಬಕ್ಕೆಂದು, ಹಿರಿಯರ ನೆನಪಿಗೆಂದು ಎಷ್ಟೋ ಕುಟುಂಬಗಳು ಅದರಲ್ಲಿ ಸೇರುತ್ತವೆ. ಒಂದೊಂದು ಮರಕ್ಕೆ ಒಂದು ವರ್ಷದ ನೀರು, ಗೊಬ್ಬರ, ತಂತಿ, ಮಾಲಿಯ ಸಂಬಳದ ಪಾಲು ಎಷ್ಟೆಂದು ಲೆಕ್ಕ ಹಾಕಿ ಫಲಕದಲ್ಲಿ ಬರೆದರೆ ಇಲ್ಲೂ ಜನ ಮುಂದೆ ಬರುತ್ತಾರೆಂಬ ನಂಬಿಕೆ ನನಗಿದೆ. ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಮರೆಯುವ ದಾನಿಗಿಂತ ವರ್ಷ ವರ್ಷವೂ ಸಣ್ಣ ಮೊತ್ತ ಕೊಟ್ಟು ತನ್ನ ಮರವನ್ನು ನೋಡಲು ಬರುವವರು ಇಂಥ ಜಾಗಕ್ಕೆ ಹೆಚ್ಚು ಬೇಕಾದವರು. ವಾಷಿಂಗ್ಟನ್ನಿನಲ್ಲೂ ಸರ್ಕಾರದ ಉದ್ಯಾನವೊಂದೇ ಎಲ್ಲವನ್ನೂ ಹೊರಲಿಲ್ಲ. 1982 ರಲ್ಲಿ ಹುಟ್ಟಿದ ಬೋನ್ಸಾಯ್ ಪ್ರತಿಷ್ಠಾನವೊಂದು ಜನರಿಂದ ಹಣ ಕೂಡಿಸಿ ಅದಕ್ಕೆ ಬೆಂಬಲವಾಗಿ ನಿಂತಿದೆ.

ನೋಡಲು ಹೋಗುವವರು ಬೆಳಿಗ್ಗೆಯೇ ಹೋಗುವುದು ಒಳ್ಳೆಯದು. ಆಗ ಬೆಳಕು ಎದುರಿನಿಂದ ಬೀಳುತ್ತದೆ, ನೀರು ಹಾಕಲು ಬಂದವರು ಸಿಕ್ಕರೆ ಮಾತಾಡಿಸಲೂ ಆಗುತ್ತದೆ. ಕುಂಡಗಳನ್ನು ಚಪ್ಪಡಿಗೆ ತಂತಿಯಿಂದ ಬಿಗಿದಿರುವುದರಿಂದ ತಿರುಗಿಸಿ ನೋಡಲು ಯತ್ನಿಸಬಾರದು. ಮರ ಕೊಡಬೇಕೆಂದಿರುವವರು ಮುಂಗಾರಿಗೆ ಮುಂಚೆಯೇ ಅಲ್ಲಿಯವರೊಂದಿಗೆ ಮಾತಾಡಬೇಕು, ಏಕೆಂದರೆ ಇಟ್ಟಿಗೆ ಚೂರು, ದಪ್ಪ ಮರಳು, ಎಲೆಗೊಬ್ಬರ ಬೆರೆಸಿ ಹೊಸ ಕುಂಡಕ್ಕೆ ಬದಲಿಸುವ ಕೆಲಸವನ್ನು ಅವರು ಮೊದಲ ಮಳೆಯ ಹೊತ್ತಿಗೆ ಮಾಡಿ ಮುಗಿಸುತ್ತಾರೆ. ಕೊಡಲು ಮರವಿಲ್ಲದವರು ಏಪ್ರಿಲ್, ಮೇ ತಿಂಗಳಲ್ಲಿ ವಾರಕ್ಕೊಂದು ಸಂಜೆ ನೀರು ಹಾಕಲು ಹೆಸರು ಬರೆಸಬಹುದು. ಸದ್ಯಕ್ಕೆ ಆ ಪಟ್ಟಿಯಲ್ಲೇ ಹೆಚ್ಚು ಜಾಗ ಖಾಲಿಯಿದೆ.