3.7 ವೋಲ್ಟಿನ ಲಿಥಿಯಂ ಪಾಲಿಮರ್ ಸೆಲ್: ಕೊಳ್ಳಬಹುದು, ಆದರೆ ಚಾರ್ಜರ್ ತಿದ್ದಿಕೊಂಡು

ಬೆಳಗಾವಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟಿಗೆಂದು ಒಯ್ಯುವ ಬೆಳ್ಳಿಬಣ್ಣದ ಚಪ್ಪಟೆ ಸೆಲ್ ಇದು, ಸಾಮರ್ಥ್ಯ 500 ಎಂಎಎಚ್ (ಮಿಲಿಆಂಪಿಯರ್-ಅವರ್). ಸಣ್ಣ ಸೆನ್ಸರ್ ಬೋರ್ಡಿಗೆ ಹೇಳಿ ಮಾಡಿಸಿದಂತಿದೆ.

‘ಪಾಲಿಮರ್ ರೀ, ಒಳಗ ದ್ರವ ಇರಂಗಿಲ್ಲ’ ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ಒಳಗಿರುವುದು ಲಿಥಿಯಂ ಲವಣ ಕರಗಿಸಿದ ಕಾರ್ಬೊನೇಟ್ ದ್ರಾವಕವೇ, ಹೆಚ್ಚೆಂದರೆ ಜೆಲ್ ರೂಪದಲ್ಲಿ. ಪಾಲಿಎಥಿಲೀನ್ ಆಕ್ಸೈಡಿನಂಥ ನಿಜವಾದ ಘನ ಪಾಲಿಮರಿನಲ್ಲಿ ಅಣುಗಳ ಸರಪಳಿ ಅಲುಗಾಡಿದರಷ್ಟೇ ಅಯಾನು, ಅಂದರೆ ವಿದ್ಯುದಾವೇಶ ಹೊತ್ತ ಲಿಥಿಯಂ ಕಣ, ಮುಂದೆ ಸಾಗುತ್ತದೆ. ಸರಪಳಿ ಚೆನ್ನಾಗಿ ಅಲುಗಾಡಲು ಪಾಲಿಮರಿನ ಸ್ಫಟಿಕ ಭಾಗ ಕರಗಬೇಕು, ಅದಕ್ಕೆ ಸುಮಾರು 60 ಡಿಗ್ರಿ ಬೇಕು. ನಮ್ಮ ಮೇ ತಿಂಗಳ ಬಿಸಿಲಿಗೂ ಅದು ಆಗದ ಮಾತು! ದ್ರವಸ್ಫಟಿಕ ಪಾಲಿಮರುಗಳು ಪದರ ಪದರವಾಗಿ ಜೋಡಿಕೊಂಡು ಅಯಾನಿಗೆ ದಾರಿ ಬಿಡುತ್ತವೆ, ನಿಜ. ಆದರೆ ಪದರಗಳು ಎಲೆಕ್ಟ್ರೋಡಿಗೆ ಸಮಾನಾಂತರವಾಗಿ ಮಲಗಿದರೆ ಅವೇ ಅಡ್ಡಗೋಡೆ. ಈ ಬೆಲೆಯ ಸೆಲ್ಲಿನಲ್ಲಿ ಅದನ್ನು ಹುಡುಕಬೇಡಿ.

ತೊಂದರೆ ಇರುವುದು ಜೊತೆಗೆ ಕೊಡುವ ಟಿಪಿ4056 ಚಾರ್ಜಿಂಗ್ ಬೋರ್ಡಿನಲ್ಲಿ. ಚಾರ್ಜಿಂಗ್ ಕರೆಂಟ್ ಎಷ್ಟೆಂದು ನಿರ್ಧರಿಸಲು ಸಾಮಾನ್ಯವಾಗಿ ಅದರ ಮೇಲೆ 1.2 ಕಿಲೊಓಮ್ ರೆಸಿಸ್ಟರ್ ಇರುತ್ತದೆ, ಅಂದರೆ 1 ಆಂಪಿಯರ್ ಕರೆಂಟ್. ಈ ಸೆಲ್ಲಿಗೆ ಅದು ಭಾಳ ಆಯ್ತು. ವೇಗವಾಗಿ ತುಂಬಿದರೆ ಸೆಲ್ಲಿನ ಋಣ ಎಲೆಕ್ಟ್ರೋಡಿನ ಗ್ರಾಫೈಟ್ ಮೇಲೆ ಲಿಥಿಯಂ ಲೋಹ ಕೂರುತ್ತದೆ, ದ್ರಾವಕ ಒಡೆದು ಅನಿಲವಾಗಿ ಸೆಲ್ ಉಬ್ಬುತ್ತದೆ. ಆ ರೆಸಿಸ್ಟರ್ ಬಿಚ್ಚಿ 5 ಕಿಲೊಓಮ್ ಬೆಸುಗೆ ಹಾಕಿ, 250 ಮಿಲಿಆಂಪಿಯರಿಗೆ ಇಳಿಯುತ್ತದೆ. ಉಬ್ಬಿದ ಸೆಲ್ ಚುಚ್ಚಲೇಬೇಡಿ.

ಕೊಳ್ಳುವಾಗ ಅಲ್ಲೇ ಮಲ್ಟಿಮೀಟರ್ ಹಿಡಿಸಿ. 3 ವೋಲ್ಟಿಗಿಂತ ಕಡಿಮೆ ತೋರಿಸಿದರೆ ವಾಪಸ್ ಕೊಡಿ. ಕನೆಕ್ಟರಿನಲ್ಲಿ ಕೆಂಪು-ಕಪ್ಪು ತಂತಿ ಅದಲುಬದಲಾಗಿರುವುದೂ ಉಂಟು. ನೋಡದೆ ಬೋರ್ಡಿಗೆ ಸಿಕ್ಕಿಸಬೇಡಿ.