ದೋಣಿ ಟ್ರೈಲರಿಗೆ ಬಣ್ಣವೋ ಸತುವೋ: ಒಂದೇ ಗಾಡಿಯಲ್ಲಿ ಮೂರು ಬಗೆ

ಹೊನ್ನಾವರದಲ್ಲಿರುವ ನಮ್ಮ ಭಾವನ ದೋಣಿ ಟ್ರೈಲರ್ ರಿಪೇರಿಗೆ ಬರುವುದು ದಾವಣಗೆರೆಯ ನಮ್ಮ ವೆಲ್ಡಿಂಗ್ ಶೆಡ್ಡಿಗೆ. ನಮ್ಮ ದಿನದ ಕೆಲಸ ಟ್ರಾಕ್ಟರ್ ಟ್ರೈಲರ್. ಭತ್ತ, ಮೆಕ್ಕೆಜೋಳ ಹೊರುವ ಗಾಡಿಗೆ ರೆಡ್ ಆಕ್ಸೈಡ್ ಹೊಡೆದು ಮೇಲೆ ಎನಾಮೆಲ್ ಬಳಿದರೆ ವರ್ಷಗಟ್ಟಲೆ ಚಿಂತೆಯಿಲ್ಲ. ಶರಾವತಿ ಅಳಿವೆಯ ಉಪ್ಪುನೀರಿಗೆ ಇಳಿಯುವ ಟ್ರೈಲರಿಗೂ ಮೊದಲು ಹಾಗೇ ಮಾಡಿದ್ದೆ. ಒಂದೇ ವರ್ಷಕ್ಕೆ ವಾಪಸ್ ಬಂತು. ಹೊರಗೆ ಬಣ್ಣ ಚೆನ್ನಾಗೇ ಇತ್ತು. ಸುತ್ತಿಗೆಯಲ್ಲಿ ಪೈಪಿಗೆ ಮೆಲ್ಲಗೆ ತಟ್ಟಿದೆ ನೋಡಿ, ಒಳಗಿನಿಂದ ತುಕ್ಕಿನ ಚಕ್ಕೆ ಬೊಗಸೆಗಟ್ಟಲೆ ಉದುರಿತು.

ಆಮೇಲೆ ಮೂರು ಅಡ್ಡಪೈಪಿಗೆ ಮೂರು ಬಗೆ ಮಾಡಿದೆ. ಒಂದಕ್ಕೆ ಎಪಾಕ್ಸಿ ಪ್ರೈಮರ್ ಮತ್ತು ಬಣ್ಣ. ಇನ್ನೊಂದಕ್ಕೆ ಝಿಂಕ್ ಸ್ಪ್ರೇ, ಅಂದರೆ ಸತುವಿನ ಸಿಂಪಡಣೆ. ಮೂರನೆಯದನ್ನು ಬೆಂಗಳೂರಿಗೆ ಕಳಿಸಿ ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಮಾಡಿಸಿದೆ. ಎರಡು ವರ್ಷ ಅದೇ ದೋಣಿ, ಅದೇ ನೀರು.

ಎಪಾಕ್ಸಿ ಗಟ್ಟಿಯೇ. ಆದರೆ ದೋಣಿ ಉಜ್ಜಿ ಗೀರು ಬಿದ್ದ ಕಡೆಯಿಂದ ತುಕ್ಕು ಬಣ್ಣದ ಅಡಿಗೇ ನುಗ್ಗಿತ್ತು. ಝಿಂಕ್ ಸ್ಪ್ರೇ ಗೀರನ್ನು ತಡೆದುಕೊಂಡಿತು, ಆದರೆ ಪೈಪಿನ ಒಳಗೆ ಅದು ತಲುಪುವುದೇ ಇಲ್ಲ. ಹಾಟ್ ಡಿಪ್‌ನಲ್ಲಿ ಸುಮಾರು 450 ಡಿಗ್ರಿಯ ಕರಗಿದ ಸತುವಿನೊಳಗೆ ಇಡೀ ಪೈಪನ್ನೇ ಮುಳುಗಿಸುತ್ತಾರೆ. ಒಳಮೈಗೂ ಸತು ಹತ್ತುತ್ತದೆ. ಕಬ್ಬಿಣಕ್ಕಿಂತ ಮೊದಲು ತಾನೇ ಸವೆಯುವುದು ಸತುವಿನ ಗುಣ. ಆ ಪೈಪಿನ ಹೊಳಪು ಹೋಗಿ ಬೂದಿ ಬಣ್ಣ ಬಂದಿದೆ, ಅಷ್ಟೇ. ಕೆಂಪು ತುಕ್ಕು ಎಲ್ಲೂ ಇಲ್ಲ. ಆದರೆ ಒಂದು ಮಾತು: ವೆಲ್ಡಿಂಗ್ ಎಲ್ಲ ಮೊದಲೇ ಮುಗಿಸಿ, ಪೈಪಿನ ಎರಡೂ ತುದಿಗೆ ತೂತು ಕೊರೆದು ಕಳಿಸಿ. ಮುಚ್ಚಿದ ಪೈಪು ಬಿಸಿ ಸತುವಿನಲ್ಲಿ ಸಿಡಿಯುತ್ತದೆ, ಪ್ರಾಣಕ್ಕೇ ಅಪಾಯ.

ಬೋಲ್ಟು ಕೊಳ್ಳುವಾಗ ಜಾಸ್ತಿ ಮೋಸ ಹೋಗುತ್ತೇವೆ. ಹೊಳೆಯುವ ಝಿಂಕ್ ಪ್ಲೇಟಿಂಗ್ ಬೋಲ್ಟಿನ ಮೇಲೆ ಇರುವುದು ಕೆಲವೇ ಮೈಕ್ರಾನ್ ಸತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಯು-ಬೋಲ್ಟಿನ ನಟ್ಟು ಕಚ್ಚಿಕೊಂಡು ಕೂತಿತ್ತು. ಮಂಕಾಗಿ, ಒರಟಾಗಿ ಕಾಣುವ ಹಾಟ್ ಡಿಪ್ ಬೋಲ್ಟನ್ನೇ ಕೇಳಿ, ನಟ್ಟನ್ನೂ ಅದರ ಜೊತೆಗೇ ತಗೊಳ್ಳಿ. ಸಾಮಾನ್ಯ ನಟ್ಟು ಅದಕ್ಕೆ ಕೂರುವುದಿಲ್ಲ. ಕೂರಿಸಲು ಬೋಲ್ಟಿಗೆ ಥ್ರೆಡ್ ಕೊರೆಯುವ ಡೈ ಹಾಕಿದರೆ ಸತುವೇ ಕೆರೆದು ಹೋಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟಿನಲ್ಲಿ 304 ದರ್ಜೆಯದಕ್ಕೆ ಕಂದು ಕಲೆ ಬಂತು, ಮಾಲಿಬ್ಡಿನಮ್ ಇರುವ 316ಕ್ಕೆ ಬರಲಿಲ್ಲ. ಕೊಳ್ಳುವಾಗ ಆಯಸ್ಕಾಂತ ಹಿಡಿದು ಎರಡನ್ನೂ ಬೇರೆ ಮಾಡಲಾಗದು, ತಲೆಯ ಮೇಲಿನ ಗುರುತು ನೋಡಿ. ಲೈಟು, ರೋಲರ್‌ಗೆ 316 ಹಾಕಿದ್ದೇನೆ.

ಚಕ್ರದ ಬೇರಿಂಗ್ ಬಿಚ್ಚಿದಾಗ ಮಾತ್ರ ಬೇಜಾರಾಯಿತು. ಗ್ರೀಸು ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ದೂರದಿಂದ ಓಡಿ ಬಂದ ಬಿಸಿ ಹಬ್ಬನ್ನು (ಬೇರಿಂಗ್ ಕೂರುವ ಚಕ್ರದ ನಡುಭಾಗ) ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಸೀಲ್ ದಾಟಿ ನೀರನ್ನು ಎಳೆದುಕೊಳ್ಳುತ್ತದೆ. ಈಗ ಒಂದು ಕಡೆ ಮೆರೈನ್ ಗ್ರೀಸ್ ಮತ್ತು ಎರಡು ತುಟಿಯ ಸೀಲ್, ಇನ್ನೊಂದು ಕಡೆ ಹಳೆಯದೇ ಇದೆ. ಮುಟ್ಟಿ ನೋಡಿ ಹಬ್ಬು ತಣ್ಣಗಾದ ಮೇಲೇ ನೀರಿಗಿಳಿಸು, ಮೇಲೆ ಬಂದ ಕೂಡಲೇ ಸಿಹಿನೀರಲ್ಲಿ ತೊಳೆ ಅಂತ ಭಾವನಿಗೆ ಹೇಳಿದ್ದೇನೆ. ಉಳಿದ ಎರಡು ಅಡ್ಡಪೈಪೂ ಈ ಜೂನಿನಲ್ಲಿ ಬೆಂಗಳೂರಿಗೆ ಹೋಗುತ್ತವೆ.