ಕೆಲಗೇರಿ ಕೆರೆಗೆ ಯಾವ ಬಣ್ಣ ಒಯ್ಯಬೇಕು: ಜಲವರ್ಣವೋ, ಅಕ್ರಿಲಿಕ್ಕೋ?

ಧಾರವಾಡದಲ್ಲಿ ಹೊರಗೆ ಕೂತು ನಿಸರ್ಗ ಚಿತ್ರ ಬರೆಯುವುದಾದರೆ ಮೊದಲು ಋತು ನೋಡಿ. ಜುಲೈನ ಜಿಟಿಜಿಟಿ ಮಳೆಯಲ್ಲಿ ಜಲವರ್ಣ ಬೇಗ ಒಣಗುವುದಿಲ್ಲ. ಆದರೆ ಕೆರೆಯ ಆಚೆ ದಂಡೆ ಮಬ್ಬಿನಲ್ಲಿ ಕರಗುವುದನ್ನು ಹಿಡಿಯಲು ಆ ಹಸಿ ಕಾಗದವೇ ಬೇಕು. ಬೂದುಬಣ್ಣ ತಾನಾಗಿಯೇ ಹರಡಿ ಗಿಡಗಳ ಅಂಚು ಮಾಯವಾಗುತ್ತದೆ. ಕೊಡೆ ಮಾತ್ರ ಮರೀಬೇಡಿ!

ಅಕ್ರಿಲಿಕ್ ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ. ಆದರೆ ಏಪ್ರಿಲ್ ಬಿಸಿಲಿಗೆ ಪ್ಯಾಲೆಟ್ ಮೇಲೆಯೇ ಗಟ್ಟಿಯಾಗುತ್ತದೆ, ಆಗಾಗ ನೀರು ಸಿಂಪಡಿಸಬೇಕು.

ಖರ್ಚು? ಜಲವರ್ಣಕ್ಕೆ ಬಣ್ಣ ಚೂರೇ ಸಾಕು, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದವೇ ದುಬಾರಿ. ಮನೇಲಿ ತೂಗುಹಾಕಲು ಗಾಜಿನ ಚೌಕಟ್ಟೂ ಬೇಕು. ಅಕ್ರಿಲಿಕ್‌ಗೆ ಗಾಜು ಬೇಡ, ಟ್ಯೂಬು ಜಾಸ್ತಿ ಖಾಲಿಯಾಗುತ್ತದೆ.

ಬಸ್ಸಿನಲ್ಲಿ ಓಡಾಡುವವರಿಗೆ ಜಲವರ್ಣವೇ ಹಗುರ. ಚಳಿಗಾಲದಲ್ಲಿ ಗದಗ ಕಡೆಯ ಎರೆಹೊಲಕ್ಕೆ ಹೋದರೆ ನನ್ನ ಮತ ಅಕ್ರಿಲಿಕ್‌ಗೆ. ಕಪ್ಪು ಮಣ್ಣು ಬಳಿದು, ಅದರ ಮೇಲೆಯೇ ಕುಸುಬಿ ಹೂವಿನ ಹಳದಿ ಇಡಬಹುದು. ಜಲವರ್ಣದಲ್ಲಿ ಪ್ರತಿ ಹೂವಿಗೂ ಮೊದಲೇ ಬಿಳಿ ಜಾಗ ಬಿಡಬೇಕಾಗುತ್ತದೆ.